ನೇಪಾಳಿ ಆಯಾ, ಸರ್ಜಾಪುರ ರಸ್ತೆಯ ಫ್ಲ್ಯಾಟು: ಕಿರುಚಿತ್ರದ ಬಗ್ಗೆ ಸಲಹೆ ಬೇಕು

ತೆರೆಮರೆ:
ಮೂವತ್ತು ನಿಮಿಷದ ಕಿರುಚಿತ್ರಕ್ಕೆ ಸ್ಕ್ರಿಪ್ಟ್ ಆಗಿದೆ. ಕೈತುಂಬ ಸಂಬಳದ ಗಂಡ ಹೆಂಡತಿ, ಎರಡೂವರೆ ವರ್ಷದ ಗಂಡುಮಗು, ಮಗು ನೋಡಿಕೊಳ್ಳೋಕೆ ಮನೆಯಲ್ಲೇ ಇರೋ ನೇಪಾಳದ ಹೆಂಗಸು. ತನ್ನ ಮಗಳನ್ನ ಊರಲ್ಲಿ ಅತ್ತೆ ಹತ್ತಿರ ಬಿಟ್ಟು ಬಂದಿದ್ದಾಳೆ. ಮಗು ಇವಳನ್ನೇ ಹಚ್ಚಿಕೊಂಡಾಗ ತಾಯಿಗೆ ಸಂಕಟ. ದಸರಾಗೆ ಊರಿಗೆ ಹೋಗ್ತೀನಿ ಅಂದಾಗ ಮೇಡಂ ಅವಳ ಪಾಸ್‌ಪೋರ್ಟನ್ನ ಬೀರುವಿನಲ್ಲಿಟ್ಟು ಬೀಗ ಹಾಕ್ತಾರೆ. ನಂಬೋ ಹಾಗಿದೆಯಾ? ಇಷ್ಟು ಚಿಕ್ಕ ಮಗು ಇಟ್ಕೊಂಡು ಶೂಟ್ ಹೇಗೆ? ಸ್ನೇಹಿತರ ಫ್ಲ್ಯಾಟಲ್ಲಿ ಲೈವ್ ಸೌಂಡ್ (ಶೂಟಿಂಗ್ ಹೊತ್ತಲ್ಲೇ ಮಾತು ರೆಕಾರ್ಡ್ ಮಾಡೋದು) ಆಗುತ್ತಾ?

ಚಿತ್ರಕಥೆ_ಮೇಜು:
ಪಾಸ್‌ಪೋರ್ಟ್ ಸೀನ್ ತೆಗೆದುಬಿಡಿ ಸರ್, ಅದು ಗಲ್ಫ್ ದೇಶಗಳಿಗೆ ಮನೆಗೆಲಸಕ್ಕೆ ಹೋದವರ ಕಥೆ. 1950ರ ಭಾರತ–ನೇಪಾಳ ಒಪ್ಪಂದ ಇರೋದರಿಂದ ಅವರು ಇಲ್ಲಿ ಬಂದು ಕೆಲಸ ಮಾಡೋಕೆ ವೀಸಾ ಬೇಡ, ರಸ್ತೆ ದಾರೀಲಿ ಗಡಿ ದಾಟೋಕೆ ಪಾಸ್‌ಪೋರ್ಟೂ ಬೇಡ. ಅವಳ ಹತ್ತಿರ ಇರೋದು ನೇಪಾಳದ ನಾಗರಿಕತಾ ಪತ್ರ. ಯಶವಂತಪುರದಲ್ಲಿ ಗೋರಖಪುರದ ರೈಲು ಹತ್ತಿ, ಅಲ್ಲಿಂದ ಬಸ್ಸಲ್ಲಿ ಸುನೌಲಿಗೆ ಹೋದ್ರೆ ನಡೆದೇ ಗಡಿ ದಾಟಬಹುದು. ಅವಳನ್ನ ಕಟ್ಟಿಹಾಕೋಕೆ ಬಾಕಿ ಸಂಬಳ ಸಾಕು. "ಹಬ್ಬ ಮುಗೀಲಿ, ಎರಡು ತಿಂಗಳದ್ದು ಒಟ್ಟಿಗೆ ಕೊಡ್ತೀನಿ" ಅಂತ ಮೇಡಂ ಪ್ರೀತಿಯಿಂದಲೇ ಹೇಳಲಿ. ಅವರು ಖಳನಾಯಕಿ ಆಗಲ್ಲ, ನೋಡೋರಿಗೆ ಮಾತ್ರ ಉಸಿರು ಕಟ್ಟುತ್ತೆ. ಭಾರತದ ಒಂದು ರೂಪಾಯಿಗೆ ನೇಪಾಳದ 1.60 ಅಂತ ದರ ನಿಗದಿಯಾಗಿದೆ. ಇಲ್ಲಿ 20,000 ಬಾಕಿ ಅಂದ್ರೆ ಊರಿನ ಲೆಕ್ಕದಲ್ಲಿ 32,000. ಫೋನಲ್ಲಿ ಅವಳು ಅತ್ತೆಗೆ ಹೇಳೋದು ಈ ಎರಡನೇ ಸಂಖ್ಯೆ.

ದಸರಾ ಇಟ್ಟಿರೋದು ಬಹಳ ಒಳ್ಳೇದಾಯ್ತು. ಅವರ ದಶೈಂ ನಮ್ಮ ನವರಾತ್ರಿ ಜೊತೆಗೇ ಬರುತ್ತೆ. ಇಲ್ಲಿ ಗೊಂಬೆ ಕೂರಿಸಿ ನೆಂಟರನ್ನ ಕರೆದಿರೋ ವಾರಾನೇ ಅವಳಿಗೂ ಊರಲ್ಲಿರಬೇಕು. ಅವರಲ್ಲಿ ಮೊದಲ ದಿನ ಮರಳು ಮಣ್ಣಲ್ಲಿ ಬಾರ್ಲಿ ಬಿತ್ತಿ, ಬಿಸಿಲು ತಾಗದ ಹಾಗೆ ಬೆಳೆಸ್ತಾರೆ. ಕತ್ತಲಲ್ಲಿ ಬೆಳೆದಿದ್ದರಿಂದ ಸಸಿ ಹಳದಿ ಬಣ್ಣಕ್ಕಿರುತ್ತೆ. ಅದೇ ಜಮರಾ. ವಿಜಯದಶಮಿ ದಿನ ಹಿರಿಯರು ಹಣೆಗೆ ಟೀಕಾ ಇಟ್ಟು ಅದನ್ನ ಕೊಡ್ತಾರೆ. ಅವಳು ಯುಟಿಲಿಟಿಯಲ್ಲಿ, ವಾಷಿಂಗ್ ಮೆಷಿನ್ ಹಿಂದೆ, ಖಾಲಿ ಐಸ್‌ಕ್ರೀಂ ಡಬ್ಬೀಲಿ ಬಿತ್ತಲಿ. ಮಗು ನೀರು ಹಾಕಲಿ. ಸಂಬಂಧ ಹೇಳೋಕೆ ಮಾತೇ ಬೇಡ. ಕಂಟಿನ್ಯುಟಿಗೆ, ಅಂದ್ರೆ ಸೀನಿಂದ ಸೀನಿಗೆ ಸಸಿ ಬೆಳೆದ ಹಾಗೆ ಕಾಣೋಕೆ, ಮೂರು ಡಬ್ಬಿ ಬೇಕು: ಶೂಟಿಗೆ ಹತ್ತು ದಿನ, ಆರು ದಿನ, ಮೂರು ದಿನ ಮುಂಚೆ ಒಂದೊಂದು ಬಿತ್ತಿ. ಅಂಗಡಿಯ ಪಾಲಿಶ್ ಬಾರ್ಲಿ ಮೊಳೆಯಲ್ಲ, ಸಿಪ್ಪೆ ಇರೋ ಇಡೀ ಕಾಳು ತನ್ನಿ.

ಸೆಟ್_ಅಕ್ಕ:
ಮಗು ವಿಷಯದಲ್ಲಿ ಮೊದಲು ಕಾನೂನು. ಬಾಲಕಾರ್ಮಿಕ ನಿಯಮಗಳಿಗೆ 2017ರಲ್ಲಿ ಆದ ತಿದ್ದುಪಡಿ ಪ್ರಕಾರ ದಿನಕ್ಕೆ ಐದು ಗಂಟೆ ಮಿತಿ, ಬಿಡುವಿಲ್ಲದೆ ಮೂರು ಗಂಟೆ ಮೀರೋ ಹಾಗಿಲ್ಲ. ಫಾರಂ ಸಿ ತುಂಬಿ ಜಿಲ್ಲಾಧಿಕಾರಿ ಅನುಮತಿ ತಗೋಬೇಕು; ನಿಮಗೆ ಆ ಕಚೇರಿ ಬೆಂಗಳೂರಿನ ಕೆ.ಜಿ. ರಸ್ತೆಯ ಕಂದಾಯ ಭವನ. ಮಗುವಿನ ಸಂಭಾವನೆಯಲ್ಲಿ ಕನಿಷ್ಠ 20% ರಾಷ್ಟ್ರೀಕೃತ ಬ್ಯಾಂಕಲ್ಲಿ ಮಗುವಿನ ಹೆಸರಿಗೆ ಠೇವಣಿ ಇಡಬೇಕು. ಕಿರುಚಿತ್ರ ತಾನೇ ಅಂತ ಬಿಡಬೇಡಿ.

ಇನ್ನು ನಟನೆ. ಆಯಾ ಪಾತ್ರದವರು ಒಂದು ವಾರ ಮೊದಲೇ ಮಗು ಮನೆಗೆ ಹೋಗಿ ಊಟ ಮಾಡಿಸಲಿ, ಆಟ ಆಡಿಸಲಿ. ತಾಯಿ ಪಾತ್ರದವರು ಶೂಟಿಂಗ್ ದಿನವೇ ಬರಲಿ. ನಿಮಗೆ ಬೇಕಾದ ವ್ಯತ್ಯಾಸ ಮಗುವಿನ ಮುಖದಲ್ಲಿ ತಾನಾಗೇ ಬರುತ್ತೆ. ಮಗುವಿನ ಹೆತ್ತ ತಾಯಿ ಅದೇ ರೂಮಲ್ಲಿರಲಿ, ಆದರೆ ಕ್ಯಾಮೆರಾ ಪಕ್ಕ ಬೇಡ. ಅಲ್ಲಿ ಕೂತರೆ ಮಗು ಪ್ರತಿ ಟೇಕಲ್ಲೂ ಆ ಕಡೆ ನೋಡುತ್ತೆ. ಬೆಳಗ್ಗೆ ತಿಂಡಿ ಆದ್ಮೇಲಿಂದ ನಿದ್ದೆ ಬರೋವರೆಗಿನ ಹೊತ್ತನ್ನೇ ನಂಬಿ. ಅಳಿಸಬೇಡಿ, ಯಾವ ಕಾರಣಕ್ಕೂ. ಅಳೋ ಸೀನಲ್ಲಿ ಕ್ಯಾಮೆರಾ ಮಗುವಿನ ಬೆನ್ನ ಹಿಂದಿರಲಿ, ಆಯಾ ಮುಖ ಕಾಣಲಿ. ಅಳು ಸೌಂಡ್ ಲೈಬ್ರರಿಯಿಂದ ಬರಲಿ.

ಬೂಮ್_ರಾಡ್:
ಲೈವ್ ಸೌಂಡ್ ಆಗುತ್ತೆ. ಮಾತಿನ ಸೀನೆಲ್ಲ ಭಾನುವಾರಕ್ಕೆ ಹಾಕಿ. ಬಹಳಷ್ಟು ಅಪಾರ್ಟ್‌ಮೆಂಟಲ್ಲಿ ಅವತ್ತು ಡ್ರಿಲ್ಲಿಂಗ್ ಬಿಡಲ್ಲ. ಫ್ರಿಜ್ ಆಫ್ ಮಾಡಿ ಕಾರ್ ಕೀ ಅದರೊಳಗೇ ಇಡಿ, ಮತ್ತೆ ಆನ್ ಮಾಡೋದು ಮರೆಯಲ್ಲ. ವಿಟ್ರಿಫೈಡ್ ಟೈಲ್ಸ್, ಗಾಜಿನ ಬಾಗಿಲು ಇದ್ರೆ ಹಾಲ್ ಪೂರ್ತಿ ಗುಂಯ್ ಅನ್ನುತ್ತೆ, ಫ್ರೇಮಿನಾಚೆ ಜಮಖಾನ, ರಗ್ಗು ಹಾಸಿ. ಆಯಾಗೆ ಕಾಲರ್ ಮೈಕ್ ಬೇಡ. ಮಗು ಎತ್ತಿಕೊಂಡ ತಕ್ಷಣ ಅದರ ಕೈ ಮೈಕ್ ಮೇಲೇ ಇರುತ್ತೆ. ಮೇಲಿಂದ ಬೂಮ್ (ಉದ್ದ ಕೋಲಿನ ತುದಿಗೆ ಕಟ್ಟಿದ ಮೈಕ್) ಹಿಡೀರಿ. ಎಡಿಟಲ್ಲಿ ಮಾತುಗಳ ನಡುವೆ ತುಂಬೋಕೆ, ಪ್ರತಿ ರೂಮಲ್ಲೂ ಯಾರೂ ಮಾತಾಡದೆ ಒಂದು ನಿಮಿಷ ಖಾಲಿ ಸದ್ದು ರೆಕಾರ್ಡ್ ಮಾಡ್ಕೊಳಿ.

ಕರೆಂಟಿನದ್ದೂ ಹೇಳಿಬಿಡ್ತೀನಿ. 6 ಆಂಪ್ ಪ್ಲಗ್ಗಿಗೆ ಸುಮಾರು 1,300 ವಾಟ್ ಮಿತಿ, ದೊಡ್ಡ ಲೈಟನ್ನ ಗೀಸರ್ ಅಥವಾ ಎಸಿಯ 16 ಆಂಪ್ ಪಾಯಿಂಟಿಗೆ ಹಾಕಿ. ಜನರೇಟರಲ್ಲಿ ಫ್ಲ್ಯಾಟಿಗೆ ಎಷ್ಟು ಲೋಡ್ ಕೊಟ್ಟಿದ್ದಾರೆ ಅಂತ ಮೊದಲೇ ಕೇಳಿ. ಮನೆಯ ಎಲ್‌ಇಡಿ ಬಲ್ಬು ಫ್ಲಿಕರ್ ಆಗದಿರೋಕೆ ಕ್ಯಾಮೆರಾದ ಶಟರ್ (ಪ್ರತಿ ಫ್ರೇಮಿಗೆ ಎಷ್ಟು ಹೊತ್ತು ಬೆಳಕು ಬಿಡಬೇಕು ಅನ್ನೋ ಸೆಟ್ಟಿಂಗ್) ಸೆಕೆಂಡಿಗೆ 25 ಫ್ರೇಮ್ ಆದ್ರೆ 180 ಡಿಗ್ರಿ, 24 ಫ್ರೇಮ್ ಆದ್ರೆ 172.8 ಇಡಿ.

ತೆರೆಮರೆ:
ಪಾಸ್‌ಪೋರ್ಟ್ ತೆಗೆದೆ, ಸಂಬಳ ಮತ್ತು ಜಮರಾ ಸೇರಿಸ್ತಿದ್ದೀನಿ. ಕೊನೇಲಿ ಮಗು ನೇಪಾಳಿಯಲ್ಲಿ ಎರಡು ಪದ ಹೇಳಬೇಕು. ಟೇಕಲ್ಲೇ ಹೇಳಿಸಲಾ?

ಬೂಮ್_ರಾಡ್:
ಬೇಡ. ಆ ಶಾಟಲ್ಲಿ ಮಗುವಿನ ತುಟಿ ಕಾಣದ ಹಾಗೆ ಫ್ರೇಮ್ ಇಡಿ. ಪ್ಯಾಕಪ್ ಮುಂಚೆ ಅದೇ ರೂಮಲ್ಲಿ ಆಯಾ ಪಾತ್ರದವರು ಆಟದ ಹಾಗೆ ಹೇಳಿಕೊಡಲಿ, ರೆಕಾರ್ಡರ್ ಓಡ್ತಾನೇ ಇರಲಿ. ಅವರು ಹೇಳಿ ಮುಗಿಸಿ ಒಂದು ಕ್ಷಣ ಸುಮ್ಮನಾಗಬೇಕು. ದನಿ ಮೇಲೆ ದನಿ ಬಿದ್ರೆ ಎಡಿಟಲ್ಲಿ ಬಿಡಿಸೋಕಾಗಲ್ಲ.