ಪುರೆಪೆಚಾ ದೊರೆ ತಂಗಾಶುವಾನ್ ಪುಕ್ಕಲನಾ?

ಸಾಗರದ ಹುಡುಗ:
ಮಳೆಗೆ ಕರೆಂಟಿಲ್ಲ, ಫೋನಿನಲ್ಲಿ ಮೆಕ್ಸಿಕೋ ಇತಿಹಾಸ ಓದುತ್ತಾ ಕೂತಿದ್ದೆ. ಆಸ್ಟೆಕ್ಕರ ಪಶ್ಚಿಮಕ್ಕೆ ಪುರೆಪೆಚಾ ಅಂತ ಇನ್ನೊಂದು ರಾಜ್ಯ ಇತ್ತು, ಪಾಟ್ಸ್‌ಕುವಾರೋ ಸರೋವರದ ದಡದಲ್ಲಿ ರಾಜಧಾನಿ. ತಾಮ್ರ, ಕಂಚಿನ ಕೆಲಸದಲ್ಲಿ ಪಳಗಿದ ಜನ, 1470ರ ದಶಕದ ಕೊನೆಯಲ್ಲಿ ಆಸ್ಟೆಕ್ ಸೈನ್ಯವನ್ನೇ ಹೊಡೆದು ಓಡಿಸಿದವರು. ಆದರೆ 1522ರಲ್ಲಿ ಸ್ಪೇನಿನ ಕ್ರಿಸ್ತೋಬಲ್ ದೆ ಒಲಿದ್ ಬಂದಾಗ ದೊರೆ ಎರಡನೇ ತಂಗಾಶುವಾನ್ ಯುದ್ಧವನ್ನೇ ಮಾಡಲಿಲ್ಲ. ಯಾಕೆ?

ಶರಾವತಿ ದಂಡೆ:
ಸ್ಪೇನಿನವರಿಗಿಂತ ಮೊದಲು ಸಿಡುಬು ಬಂದಿತ್ತು ಮಾರಾಯ. ಅವನ ಅಪ್ಪ ಜುವಾಂಗುವಾ 1520ರಲ್ಲಿ ಅದರಲ್ಲೇ ಸತ್ತ. ಊರೂರೇ ಖಾಲಿಯಾಗುತ್ತಿರುವಾಗ ಹೊಸದಾಗಿ ಪಟ್ಟಕ್ಕೆ ಬಂದವನು ಯಾರನ್ನು ಕಟ್ಟಿಕೊಂಡು ಯುದ್ಧಕ್ಕೆ ಹೋಗಬೇಕಿತ್ತು?

ಅಡಿಕೆ ತೋಟ:
ಸಿಡುಬು ಸರಿ, ಆದರೆ ಸುಮ್ನೆ ಅವನನ್ನು ಬಚಾವು ಮಾಡಬೇಡಿ. ಆಸ್ಟೆಕ್ಕರು ಸ್ಪೇನಿನವರ ವಿರುದ್ಧ ಸಹಾಯ ಕೇಳಿ ದೂತರನ್ನು ಕಳಿಸಿದರೆ, 'ನಮ್ಮಪ್ಪ ಸತ್ತವರ ಲೋಕದಲ್ಲಿದ್ದಾನೆ, ಅಲ್ಲಿಗೇ ಹೋಗಿ ಹೇಳಲಿ' ಅಂತ ಅವರನ್ನು ಬಲಿ ಕೊಡಿಸಿದ. ಸ್ವಂತ ತಮ್ಮಂದಿರನ್ನೂ ಕೊಲ್ಲಿಸಿದ. 1521ರ ಆಗಸ್ಟ್ 13ಕ್ಕೆ ಆಸ್ಟೆಕ್ ರಾಜಧಾನಿ ಬಿತ್ತು. ಇವನೂ ಕೈಜೋಡಿಸಿದ್ದರೆ ಕಥೆ ಬೇರೆ ಆಗುತ್ತಿತ್ತೇನೋ. ಒಲಿದ್ ಹತ್ತಿರ ಬಂದಾಗ ತಿಮಾಸ್ ಅನ್ನೋ ಸರದಾರ, ಬೆನ್ನಿಗೆ ತಾಮ್ರ ಕಟ್ಟಿಕೊಂಡು ಸರೋವರದಲ್ಲಿ ಮುಳುಗಿ ಸಾಯೋಣ ಅಂದ. ಇವನು ಹೂಂ ಅಂತ ತಲೆಯಾಡಿಸಿ, ತಿಮಾಸ್ ಕಡೆಯವರ ಕಣ್ಣು ತಪ್ಪಿಸಿ ಉರುವಾಪನ್ ಕಡೆಗೆ ಓಡಿದ!

ಶರಾವತಿ ದಂಡೆ:
ಓಡಿದವರೆಲ್ಲ ಪುಕ್ಕಲರಾ? 1763ರಲ್ಲಿ ಹೈದರಾಲಿ ಬಂದಾಗ ನಮ್ಮ ಕೆಳದಿ ರಾಣಿ ವೀರಮ್ಮಾಜಿ ಬಿದನೂರು (ಈಗಿನ ನಗರ) ಬಿಟ್ಟು ಬಲ್ಲಾಳರಾಯನ ದುರ್ಗಕ್ಕೆ ಹೋದರಲ್ಲ. ನಗರದ ಕೋಟೆ ನೋಡಲು ಹೋದವರು ಯಾರೂ ಅವರನ್ನು ಹಾಗನ್ನುವುದಿಲ್ಲ. ತಂಗಾಶುವಾನ್ ವಾಪಸ್ ಬಂದು, ಕ್ರೈಸ್ತ ದೀಕ್ಷೆ ತಗೊಂಡು ಫ್ರಾನ್ಸಿಸ್ಕೋ ಆದ, ತನ್ನ ಜನರಿಂದ ಒಳಗೊಳಗೇ ಕಾಣಿಕೆ ತಗೊಳ್ಳುತ್ತಲೂ ಇದ್ದ. ಹೊರಗೆ ಬಗ್ಗಿ, ಒಳಗೆ ರಾಜನಾಗೇ ಇರುವ ಲೆಕ್ಕಾಚಾರ ಅದು.

ಅಡಿಕೆ ತೋಟ:
ಲೆಕ್ಕಾಚಾರ ಕೈಕೊಟ್ಟಿತು ಅಲ್ವಾ? ಸ್ಪೇನಿನ ಅಧಿಕಾರಿ ನೂನ್ಯೋ ದೆ ಗುಸ್ಮಾನ್ ಬಂದವನೇ ಚಿನ್ನ ಎಲ್ಲಿ ಅಂತ ಹಿಂಸೆ ಕೊಟ್ಟು, ಚಿನ್ನ ಬಚ್ಚಿಟ್ಟ, ಸ್ಪೇನಿನವರನ್ನು ಕೊಲ್ಲಿಸಿದ ಅಂತೆಲ್ಲ ಆರೋಪ ಹೊರಿಸಿ, 1530ರ ಫೆಬ್ರವರಿ 14ರಂದು ಸಾಯಿಸಿದ. ಹೆಣ ಸುಟ್ಟು ಬೂದಿಯನ್ನು ನದಿಗೆ ಎಸೆಸಿದ.

ಸಾಗರದ ಹುಡುಗ:
ಅಯ್ಯೋ. ಅಲ್ಲಿಗೆ ವಂಶ ಮುಗಿಯಿತಾ?

ಶರಾವತಿ ದಂಡೆ:
ಇಲ್ಲ. ಮಗ ಅಂತೋನಿಯೋ ವಿಟ್ಸಿಮೆಂಗಾರಿ ಸ್ಪೇನಿನವರ ವಿದ್ಯೆ ಕಲಿತು, ಮುಂದೆ ಪಾಟ್ಸ್‌ಕುವಾರೋದಲ್ಲೇ ಸ್ಥಳೀಯರ ಗವರ್ನರ್ ಆದ.