ಬಾಲ್ ಮಿಲ್‌ನಲ್ಲಿ 50 ಗಂಟೆ ಆದರೂ ಒಂದು ಪೀಕ್ ಹೋಗುತ್ತಿಲ್ಲ

ಕಾಳಿತೀರದ ಹುಡುಗಿ, ಕಾರವಾರ:
ನಮಸ್ಕಾರ. ಪ್ರಾಜೆಕ್ಟಿಗೆ ನಿಕಲ್ 60, ನಿಯೋಬಿಯಂ 40 (ಪರಮಾಣು ಲೆಕ್ಕದಲ್ಲಿ) ಪುಡಿ ಬೆರೆಸಿ, ಲೋಹದ ಗಾಜು (ಪರಮಾಣುಗಳು ಹರಳಿನಂತೆ ಸಾಲಾಗಿರದ ಲೋಹ) ಮಾಡಲು ಪ್ಲಾನೆಟರಿ ಮಿಲ್‌ಗೆ, ಅಂದರೆ ಜಾರ್‌ನೊಳಗೆ ಗುಂಡುಗಳಿಂದ ಪುಡಿ ಜಜ್ಜುವ ಬಾಲ್ ಮಿಲ್‌ಗೆ ಹಾಕಿದ್ದೇನೆ. ಸ್ಟೀಲ್ ಜಾರ್, ಸ್ಟೀಲ್ ಗುಂಡು, ಗುಂಡಿನ ತೂಕ ಪುಡಿಯ ಹತ್ತು ಪಟ್ಟು, 300 ಆರ್‌ಪಿಎಂ. 30 ಗಂಟೆಗೆ ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ಕಿರಣ ಹಾಯಿಸಿ ಒಳಗಿನ ಜೋಡಣೆ ನೋಡುವ ಪರೀಕ್ಷೆ) ಹರಳಿನ ಗುರುತಾದ ಚೂಪು ಪೀಕ್‌ಗಳೆಲ್ಲ ಹೋಗಿ ಗಾಜಿನ ಗುರುತಾದ ಅಗಲವಾದ ದಿಬ್ಬ ಬಂತು, ಆದರೆ 44.6 ಡಿಗ್ರಿ ಹತ್ತಿರ ಒಂದು ಸಣ್ಣ ಮೊನೆ ಉಳಿಯಿತು. ಇನ್ನೂ 20 ಗಂಟೆ ಓಡಿಸಿದೆ, ಅದು ಜಾಸ್ತಿಯೇ ಆಯಿತು! ಕರಗಿಸದೆ ಬರೀ ಜಜ್ಜಿದರೆ ಲೋಹ ಗಾಜಿನಂತಾಗುವುದು ಹೇಗೆ ಅನ್ನುವುದೂ ಸರಿಯಾಗಿ ತಲೆಗೆ ಹೋಗಿಲ್ಲ.

ಅಡಿಕೆತೋಟ, ಶಿರಸಿ:
ತಂಗಿ, ಚಿರೋಟಿ ಲಟ್ಟಿಸುವುದನ್ನು ನೋಡಿದ್ದೀಯಲ್ವಾ? ಗುಂಡುಗಳ ನಡುವೆ ಸಿಕ್ಕ ಪುಡಿ ಹಾಗೇ ಚಪ್ಪಟೆಯಾಗಿ, ಒಂದಕ್ಕೊಂದು ಅಂಟಿ, ಮುರಿದು, ಮತ್ತೆ ಅಂಟುತ್ತದೆ. ಪದರ ತೆಳುವಾಗುತ್ತಾ ಹೋದಂತೆ ಎರಡು ಲೋಹದ ಪರಮಾಣುಗಳು ಒಂದರೊಳಗೊಂದು ನುಗ್ಗುತ್ತವೆ, ಆದರೆ ಸಾಲಾಗಿ ಜೋಡಿಸಿಕೊಳ್ಳಲು ಬೇಕಾದಷ್ಟು ಬಿಸಿ ಅಲ್ಲಿರುವುದಿಲ್ಲ. 1960ರಲ್ಲಿ ಚಿನ್ನ-ಸಿಲಿಕಾನ್ ದ್ರವವನ್ನು ಗಕ್ಕನೆ ತಣಿಸಿ ಮೊದಲ ಲೋಹದ ಗಾಜು ಮಾಡಿದರು. ಪುಡಿ ಜಜ್ಜಿಯೇ ಮಾಡಬಹುದು ಅಂತ 1983ರಲ್ಲಿ ಕಾಕ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ತೋರಿಸಿದ್ದು ನಿನ್ನ ಇದೇ 60-40 ನಿಕಲ್-ನಿಯೋಬಿಯಂನಲ್ಲಿ.

ಆ ಮೊನೆಯ ವಿಷಯ. ಎಕ್ಸ್-ಕಿರಣ ಕೊಡುವ ಟ್ಯೂಬ್ ತಾಮ್ರದ್ದಾಗಿದ್ದರೆ ನಿಕಲ್ ಪೀಕ್ 44.5 ಡಿಗ್ರಿಗೆ ಬರುತ್ತದೆ, ಕಬ್ಬಿಣದ್ದು 44.7ಕ್ಕೆ. ಬೆರೆಯದ ನಿಕಲ್ ಆಗಿದ್ದರೆ ಹೊತ್ತು ಹೋದಂತೆ ಕಡಿಮೆಯಾಗಬೇಕಿತ್ತು. ಜಾಸ್ತಿಯಾಗಿದೆ ಅಂದರೆ ನನ್ನ ಅನುಮಾನ ಗುಂಡು ಸವೆದು ಬಂದ ಕಬ್ಬಿಣದ ಮೇಲೆ. ಇಡಿಎಸ್ (ಪುಡಿಯಲ್ಲಿ ಯಾವ ಧಾತು ಎಷ್ಟಿದೆ ಅಂತ ತೋರಿಸುವ ಪರೀಕ್ಷೆ) ಮಾಡಿಸು, ಗುಂಡುಗಳನ್ನೂ ಮಿಲ್ಲಿಂಗ್‌ಗೆ ಮೊದಲು, ಆಮೇಲೆ ತೂಗು.

ಕಡಲಕರೆ, ಕುಮಟಾ:
ದಿಬ್ಬ ಒಂದನ್ನೇ ನಂಬಬೇಡಿ. ಕೆಲವೇ ನ್ಯಾನೋಮೀಟರ್‌ನ ಹರಳುಗಳಿದ್ದರೂ ಹಾಗೇ ಕಾಣುತ್ತದೆ. ಡಿಎಸ್‌ಸಿಯಲ್ಲಿ (ಬಿಸಿ ಮಾಡುತ್ತಾ ಶಾಖದ ಒಳಹರಿವು, ಹೊರಹರಿವು ಅಳೆಯುವ ಯಂತ್ರ) ಬಿಸಿ ಮಾಡಿದಾಗ ಹರಳುಗಟ್ಟುವ ಶಾಖ ಹೊರಬಂದರೆ ಗಾಜು ಅಂತ ಧೈರ್ಯವಾಗಿ ಬರೆಯಬಹುದು. ನಿಮ್ಮದು 600 ಡಿಗ್ರಿ ದಾಟಿ ಹರಳುಗಟ್ಟುತ್ತದೆ, ಅಲ್ಯೂಮಿನಿಯಂ ಪ್ಯಾನ್ 660ಕ್ಕೇ ಕರಗುತ್ತದೆ, ಹಾಗಾಗಿ ಅಲ್ಯೂಮಿನಾ ಪ್ಯಾನ್ ಕೇಳಿ.

ಇನ್ನೊಂದು, ಜಾರ್ ತುಂಬುವುದು, ತೆಗೆಯುವುದು ಎರಡೂ ಗಾಳಿ ತಾಗದಂತೆ ಆರ್ಗಾನ್ ಅನಿಲದಲ್ಲೇ ಆಗಲಿ, ಅದರಲ್ಲೂ ನಮ್ಮ ಕರಾವಳಿಯ ಮಳೆಗಾಲದ ಗಾಳಿಯಲ್ಲಿ. ನಾನು ಒಮ್ಮೆ ಟೈಟಾನಿಯಂ ಪುಡಿ ಇದ್ದ ಜಾರ್ ಬಿಸಿಯಿರುವಾಗಲೇ ಮುಚ್ಚಳ ಸಡಿಲಿಸಿದೆ. ಅಂಚಿನಲ್ಲಿದ್ದ ಪುಡಿ ಕೆಂಪಗೆ ಕಿಡಿ ಹತ್ತಿ ಉರಿಯಿತು, ಗ್ಲೌಸ್ ತೂತಾಯಿತು. ಪೂರ್ತಿ ತಣಿಯುವವರೆಗೆ ಮುಟ್ಟಬೇಡಿ.

ಕಾಳಿತೀರದ ಹುಡುಗಿ:
ತುಂಬಾ ಥ್ಯಾಂಕ್ಸ್ ಅಣ್ಣ, ಇಬ್ಬರಿಗೂ. ಗುಂಡು ಈಗಷ್ಟೇ ತೂಗಿದೆ, ಶುರುವಿನಲ್ಲಿ ಬರೆದಿಟ್ಟಿದ್ದಕ್ಕಿಂತ 0.4 ಗ್ರಾಂ ಕಡಿಮೆ ಇದೆ. 20 ಗ್ರಾಂ ಪುಡಿಗೆ ಇದು ಸಣ್ಣದಲ್ಲ ಅಲ್ವಾ? ಸ್ಟೀಲ್‌ಗಿಂತ ಗಟ್ಟಿಯಾದ ಟಂಗ್‌ಸ್ಟನ್ ಕಾರ್ಬೈಡ್ ಜಾರ್ ಯಾರ ಹತ್ತಿರ ಸಿಗುತ್ತದೆ ಅಂತ ನಾಳೆ ವಿಚಾರಿಸುತ್ತೇನೆ.