ಕಂಪನಿಯದಲ್ಲದ ಸೈಕಲ್ ಭಾಗಕ್ಕೆ ನಿಮ್ಮ ಕಡೆ ಏನಂತಾರೆ?

ಎಲ್ಲರಿಗೂ ನಮಸ್ಕಾರ.

ಮಡಚುವ ಸೈಕಲ್ ಇಟ್ಟುಕೊಂಡಿರುವ ಗೆಳೆಯರಿಗೆ ಅಂತ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಕೊಂಡ ಮೇಲೆ ಯಾವ ಭಾಗ ಬದಲಾಯಿಸಬಹುದು, ಯಾವುದು ಯಾವುದಕ್ಕೆ ಕೂರುತ್ತದೆ ಅನ್ನುವುದು ಅದರ ವಿಷಯ. ಬರವಣಿಗೆ ಒಂದು ಪದದ ಹತ್ತಿರ ನಿಂತಿದೆ. ಸೈಕಲ್ ಮಾಡಿದ ಕಂಪನಿಯ ಕೈಯಿಂದ ಬಾರದೆ, ಆಮೇಲೆ ನಾವೇ ಬೇರೆ ಕಡೆಯಿಂದ ತಂದು ಹಾಕಿಸುವ ಭಾಗಕ್ಕೆ ಇಂಗ್ಲಿಷಿನವರು ‘ಆಫ್ಟರ್‌ಮಾರ್ಕೆಟ್’ ಅಂತಾರೆ. ಕನ್ನಡದಲ್ಲಿ ಇದಕ್ಕೆ ಏನು ಬಳಸುತ್ತೀರಿ?

ಅಂಗಡಿಯಲ್ಲಿ ಮಾತಿಗೆ ಕೊರತೆ ಇಲ್ಲ. ಒಳ್ಳೆಯದಕ್ಕೆ ‘ಒರಿಜಿನಲ್’, ‘ಕಂಪನಿ ಮಾಲು’. ಉಳಿದದ್ದೆಲ್ಲ ‘ಲೋಕಲ್’, ಇಲ್ಲವೇ ‘ಡೂಪ್ಲಿಕೇಟ್’. ನನಗೆ ತೊಡಕಾಗಿರುವುದು ಇದೇ. ಕಂಪನಿಯದಲ್ಲ ಅಂದ ಕೂಡಲೇ ಕಳಪೆ ಅನ್ನುವ ಅರ್ಥ ಈ ಮಾತುಗಳಲ್ಲಿ ಸೇರಿಕೊಂಡಿದೆ. ಮಡಚುವ ಸೈಕಲ್ಲಿನ ವಿಷಯದಲ್ಲಿ ಎಷ್ಟೋ ಸಲ ಇದು ಉಲ್ಟಾ.

ಲಂಡನ್ನಿನಲ್ಲಿ ತಯಾರಾಗುವ ಬ್ರಾಂಪ್ಟನ್ ಸೈಕಲ್ಲನ್ನೇ ನೋಡಿ. ಅದರ ಚೌಕಟ್ಟನ್ನು ನಡುವೆ ಬಿಗಿದಿಡುವ ಒಂದು ತಿರುಪಿನ ಹಿಡಿ ಇರುತ್ತದೆ. ಹಿಡಿ ಸಡಿಲ ಮಾಡಿದರೂ ಒಳಗಿನ ಬಿಲ್ಲೆ ಕೆಲವೊಮ್ಮೆ ಅಲ್ಲೇ ಕಚ್ಚಿಕೊಂಡಿರುತ್ತದೆ. ಬೇರೆ ತಯಾರಕರು ಅದಕ್ಕೊಂದು ಸ್ಪ್ರಿಂಗ್ ಸೇರಿಸಿ, ಬಿಲ್ಲೆ ತಾನಾಗಿ ಬಿಟ್ಟುಕೊಳ್ಳುವಂತೆ ಮಾಡಿ ಮಾರುತ್ತಾರೆ. ಉಕ್ಕಿನ ಸೀಟ್ ಕಂಬದ ಜಾಗಕ್ಕೆ ಹಗುರವಾದ ಟೈಟಾನಿಯಂ ಕಂಬ ಕೊಡುವವರೂ ಇದ್ದಾರೆ. ಇವನ್ನು ಡೂಪ್ಲಿಕೇಟ್ ಅಂತ ಕರೆದರೆ ಮಾಡಿದವರಿಗೆ ಅನ್ಯಾಯ, ಓದುವವರಿಗೂ ದಾರಿ ತಪ್ಪುತ್ತದೆ. ಡೂಪ್ಲಿಕೇಟ್ ಅನ್ನುವ ಮಾತು ನಿಜವಾಗಿ ಬೇಕಿರುವುದು ಕಂಪನಿಯ ಹೆಸರನ್ನೇ ಕದ್ದು ಅಚ್ಚು ಹಾಕಿದ ಮಾಲಿಗೆ. ಅದನ್ನು ಅಲ್ಲಿಗೇ ಉಳಿಸಿಕೊಳ್ಳೋಣ ಅನ್ನುವುದು ನನ್ನ ಆಸೆ.

‘ಬೇರೆ ಕಂಪನಿಯ ಭಾಗ’ ಅಂದರೆ ಸಾಲದೇ? ಸಾಲುವುದಿಲ್ಲ. ಸೈಕಲ್ ಕಂಪನಿಗಳು ಎಲ್ಲವನ್ನೂ ತಾವೇ ಮಾಡುವುದಿಲ್ಲ. ಹೊಸ ಸೈಕಲ್ಲಿನ ಜೊತೆಗೇ ಶ್ವಾಲ್ಬೆ ಟಯರು ಬರುತ್ತದೆ, ಸ್ಟರ್ಮಿ ಆರ್ಚರ್ ಗೇರು ಬರುತ್ತದೆ. ಅವು ಬೇರೆ ಕಂಪನಿಯವೇ, ಆದರೂ ಒರಿಜಿನಲ್. ಇನ್ನು ಸೈಕಲ್ ಕಂಪನಿಯೇ ಮಾರುವ ಬದಲಿ ಭಾಗಗಳೂ ಇವೆ. ಮೂರು ಗೇರಿನ ಬ್ರಾಂಪ್ಟನ್ನಿಗೆ ಮುಂದಿನ ಹಲ್ಲುಚಕ್ರ ಸಾಮಾನ್ಯವಾಗಿ 50 ಹಲ್ಲಿನದು. ಏರು ಜಾಸ್ತಿ ಇರುವ ಊರಿನವರು 44 ಹಲ್ಲಿನದನ್ನು ಹಾಕಿಸಿಕೊಳ್ಳುತ್ತಾರೆ. ಆಗ ಎಲ್ಲ ಗೇರುಗಳೂ ತುಳಿಯಲು ಶೇ. 12ರಷ್ಟು ಹಗುರವಾಗುತ್ತವೆ. ಇದು ಬದಲಾವಣೆ ಹೌದು, ಆದರೆ ಕಂಪನಿಯದೇ. ಹಾಗಾಗಿ ಯಾರು ಮಾಡಿದರು ಅನ್ನುವುದರ ಮೇಲೆ ಪದ ನಿಲ್ಲುವುದಿಲ್ಲ. ಯಾವಾಗ, ಯಾರ ಕಡೆಯಿಂದ ಬಂತು ಅನ್ನುವುದು ಮುಖ್ಯ.

ಕಾರಿನವರ ಮಾತು ಇಲ್ಲಿ ನೆರವಾಗಬಹುದು. ಗ್ಯಾಸ್ ಕಿಟ್ ಬಗ್ಗೆ ಕೇಳುವಾಗ ‘ಕಂಪನಿ ಫಿಟಿಂಗಾ, ಹೊರಗಡೆ ಹಾಕಿಸಿದ್ದಾ’ ಅಂತಾರಲ್ವಾ? ಅದರಲ್ಲಿ ಒಳ್ಳೆಯದು ಕೆಟ್ಟದ್ದು ಅನ್ನುವ ತೀರ್ಪು ಇಲ್ಲ. ಅದನ್ನೇ ಹಿಡಿದು ಸದ್ಯಕ್ಕೆ ‘ಹೊರಗಡೆ ಪಾರ್ಟು’ ಅಂತ ಬರೆದಿದ್ದೇನೆ. ‘ಹೊರಭಾಗ’ ಅಂದರೆ ಮೇಲ್ಮೈ ಆಗಿಬಿಡುತ್ತದೆ. ‘ಬಿಡಿಭಾಗ’ ಒಳ್ಳೆಯ ಪದ, ಆದರೆ ಅದರಲ್ಲಿ ಕಂಪನಿಯದೂ ಸೇರುತ್ತದೆ.

‘ಅಪ್‌ಗ್ರೇಡ್’ಗೆ ಪತ್ರಿಕೆಗಳು ‘ಮೇಲ್ದರ್ಜೆಗೇರಿಸು’ ಅಂತ ಬರೆಯುತ್ತವೆ. ಆಸ್ಪತ್ರೆಗೆ, ರಸ್ತೆಗೆ ಸರಿ. ಸೀಟ್ ಕಂಬವನ್ನು ಮೇಲ್ದರ್ಜೆಗೇರಿಸಿದೆ ಅಂದರೆ ಎತ್ತರ ಮಾಡಿದೆ ಅಂತಲೂ ಓದಿಕೊಳ್ಳಬಹುದು. ಇಲ್ಲಿ ನಮ್ಮ ಕ್ರಿಯಾಪದಗಳೇ ಸಾಕು ಅನ್ನಿಸುತ್ತದೆ. ‘ಹಾಕಿದೆ’ ಅಂದರೆ ಕೈಯಾರೆ. ‘ಹಾಕಿಸಿದೆ’ ಅಂದರೆ ಅಂಗಡಿಯವರ ಕೈಲಿ. ‘ಹಾಕಿಸಿಕೊಂಡೆ’ ಅಂದರೆ ನನಗೆ ಬೇಕಾದ ಹಾಗೆ. ಒಂದೊಂದು ಪ್ರತ್ಯಯ ಇಷ್ಟು ಕೆಲಸ ಮಾಡುವಾಗ ಹೊಸ ನಾಮಪದ ಸುಮ್ನೆ ಯಾಕೆ?

‘ಸೈಜು’ ಪದ ಕೈಪಿಡಿಯಲ್ಲಿ ಇನ್ನೂ ಅಪಾಯಕಾರಿ. 16 ಇಂಚಿನ ಟಯರು ಅಂದರೆ ರಿಮ್ಮಿನಲ್ಲಿ ಕೂರುವ ಅಳತೆ 305 ಮಿ.ಮೀ. ಇರಬಹುದು, 349 ಕೂಡ ಇರಬಹುದು. ಬ್ರಾಂಪ್ಟನ್ನಿನದು 349. 20 ಇಂಚಿನಲ್ಲೂ 406, 451 ಅಂತ ಎರಡಿವೆ. ಒಂದರ ಟಯರು ಇನ್ನೊಂದರ ರಿಮ್ಮಿಗೆ ಕೂರುವುದೇ ಇಲ್ಲ. ಆದ್ದರಿಂದ ಅಂಗಡಿಯಲ್ಲಿ ಕೇಳುವ ಇಂಚಿಗೆ ‘ಸೈಜು’, ಮಿಲಿಮೀಟರಿಗೆ ‘ರಿಮ್ ಅಳತೆ’ ಅಂತ ಎರಡು ಮಾತು ಬೇರೆ ಬೇರೆ ಇಟ್ಟಿದ್ದೇನೆ. ಓದಲು ತೊಡಕಾದರೆ ತಿಳಿಸಿ.

‘ಮಡಚು’, ‘ಮಡಿಸು’ ಎರಡರಲ್ಲಿ ‘ಮಡಚು’ ಆರಿಸಿಕೊಂಡೆ. ಬಟ್ಟೆ, ಕಾಗದಕ್ಕೆ ಎರಡೂ ನಡೆಯುತ್ತವೆ. ಕೊಡೆ, ಚಾಕು, ಮೊಣಕಾಲು ಹೀಗೆ ಕೀಲಿರುವ ಕಡೆ ನನ್ನ ಕಿವಿಗೆ ‘ಮಡಚು’ ಒಪ್ಪುತ್ತದೆ.

ಉತ್ತರ ಕರ್ನಾಟಕದವರನ್ನು ಮುಖ್ಯವಾಗಿ ಕೇಳಬೇಕಾದದ್ದು ಈ ‘ಕೀಲು’ ಬಗ್ಗೆ. ಬ್ರಾಂಪ್ಟನ್ನಿನಲ್ಲಿ ಮಡಚುವ ಜಾಗ ಮೂರು. ಚೌಕಟ್ಟಿನ ನಡುವೆ ಒಂದು, ಹ್ಯಾಂಡಲ್ ಕಂಬದ ಬುಡದಲ್ಲಿ ಒಂದು, ಹಿಂಚಕ್ರ ಕೆಳಗೆ ಸರಿಯುವಲ್ಲಿ ಇನ್ನೊಂದು. ಮೊದಲಿನ ಎರಡು ಸಡಿಲ ಇದ್ದರೆ ಸವಾರ ಬೀಳುತ್ತಾನೆ. ಹಾಗಾಗಿ ‘ಹತ್ತುವ ಮೊದಲು ಕೀಲು ಬಿಗಿ ಮಾಡಿ’ ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ನಿಮ್ಮ ಕಡೆ ‘ಕೀಲಿ’ ಅಂದರೆ ಬೀಗ. ಈ ಸಾಲನ್ನು ಯಾರಾದರೂ ಬೀಗ ಹಾಕಿ ಅಂತ ಓದಿಕೊಂಡಾರೇ? ಬಾಗಿಲಿಗೆ ಹೇಳುವ ‘ಬಿಜಾಗರಿ’ಯನ್ನು ಸೈಕಲ್ಲಿಗೂ ಹೇಳಿದರೆ ನಡೆಯುತ್ತದೆಯೇ? ಅಚ್ಚಿಗೆ ಕೊಡುವ ಮುಂಚೆ ಈ ಸಾಲೊಂದನ್ನಾದರೂ ಸರಿ ಮಾಡಿಕೊಳ್ಳಬೇಕು. ದಯವಿಟ್ಟು ಬರೆಯಿರಿ.